ಆಟದ ಅಂಕಣ, ನಡತೆಯ ಅಂಕಣ

(ಸಂಘದ ಮಾಸಿಕ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯಿಂದ ಫುಟ್‌ಬಾಲನ್ನು ಕುರಿತು ಮಾತನಾಡುವುದು ಎಷ್ಟರ ಮಟ್ಟಿಗೆ ಉಚಿತ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನನ್ನ ಸಮಾಧಾನ ಇಷ್ಟೆ. ಹೂಗ್ಲಿಯ ನೀರು ಕುಡಿದು, ಇಲ್ಲಿನ ಮೈದಾನದ ಕೂಗನ್ನು ಕೇಳುತ್ತ ಬಾಳುವವರಿಗೆ ಈ ವಿಷಯ ಹೊರಗಿನದಲ್ಲ. ಅಲ್ಲದೆ ಈ ನಗರದ ಫುಟ್‌ಬಾಲಿನಲ್ಲಿ ನಮ್ಮ ನಾಡಿನ ಪಾಲೂ ಉಂಟು. ಈಸ್ಟ್ ಬೆಂಗಾಲ್ ತಂಡದ ‘ಪಂಚಪಾಂಡವರು’ ಎಂದು ಇಂದಿಗೂ ಹಿರಿಯ ಬಂಗಾಳಿಗಳು ನೆನೆಯುವ ಐವರು ಮುಂಪಡೆಯ ಆಟಗಾರರಲ್ಲಿ ಅಹಮದ್ ಖಾನ್ ಹಾಗೂ ಧನರಾಜ್ ಬೆಂಗಳೂರಿನಿಂದ ಬಂದವರು. ಆ ತಂಡ 1949, 1950 ಮತ್ತು 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಏಕೈಕ ಗೋಲನ್ನು ಹೊಡೆದ ಎಸ್. ರಾಮನ್ ಕೂಡ ಮೈಸೂರಿನ ಪರವಾಗಿ ಆಡುತ್ತಿದ್ದವರು.

ಆದರೆ ನಾನು ಇಂದು ಹೇಳಹೊರಟಿರುವುದು ಗೆಲುವು ಸೋಲುಗಳ ಕಥೆಯನ್ನಲ್ಲ. ಒಬ್ಬ ಆಟಗಾರನನ್ನು ಅಳೆಯುವಾಗ ಅವನ ಆಟವನ್ನು ನೋಡಬೇಕೋ, ಮೈದಾನದ ಹೊರಗೆ ಅವನ ಬಗ್ಗೆ ಹಬ್ಬಿರುವ ಹೆಸರನ್ನು ನೋಡಬೇಕೋ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಅದು ಏಕೆ ಕಾಡುತ್ತಿದೆ ಎಂಬುದನ್ನು ಕೊನೆಯಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ಭಾಷೆಯೇ ಈ ಪ್ರಶ್ನೆಯನ್ನು ತೊಡಕು ಮಾಡಿಟ್ಟಿದೆ. ‘ಗುಣಕ್ಕೆ ಮತ್ಸರವಿಲ್ಲ’ ಎನ್ನುತ್ತೇವೆ. ಇಲ್ಲಿ ಗುಣವೆಂದರೆ ಪ್ರತಿಭೆ, ಯೋಗ್ಯತೆ. ‘ಹುಡುಗನ ಗುಣ ಹೇಗೆ?’ ಎಂದು ಹೆಣ್ಣಿನ ತಂದೆ ವಿಚಾರಿಸುವಾಗ ಅದೇ ಪದಕ್ಕೆ ನಡತೆ ಎಂಬ ಅರ್ಥ. ಒಂದೇ ಪದ ಎರಡು ಕೆಲಸ ಮಾಡುವುದರಿಂದಲೋ ಏನೋ, ಒಂದನ್ನು ನೋಡಿ ಮತ್ತೊಂದನ್ನು ಊಹಿಸುವ ಅಭ್ಯಾಸ ನಮಗೆ ಬಲವಾಗಿ ಅಂಟಿಕೊಂಡಿದೆ. ಚೆನ್ನಾಗಿ ಆಡುವವನು ಒಳ್ಳೆಯವನಿರಬೇಕು. ಕೆಟ್ಟ ಹೆಸರಿನವನ ಆಟದಲ್ಲೂ ಏನೋ ಹುಳುಕಿರಬೇಕು.

ಈ ಅಭ್ಯಾಸ ನಮ್ಮ ಕಣ್ಣನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆಗಲೇ ಹೇಳಿದ 1948ರ ಆ ಪಂದ್ಯದಲ್ಲಿ ಫ್ರಾನ್ಸ್ ನಮ್ಮನ್ನು 2-1ರಿಂದ ಸೋಲಿಸಿತು. ನಮಗೆ ಎರಡು ಪೆನಾಲ್ಟಿಗಳು ದೊರೆತಿದ್ದವು, ಎರಡೂ ವ್ಯರ್ಥವಾದವು. ಅವುಗಳಲ್ಲಿ ಒಂದನ್ನು ಕಳೆದುಕೊಂಡವರು ಮೋಹನ್ ಬಾಗಾನಿನ ಶೈಲೇನ್ ಮನ್ನಾ. ಮುಂದೆ 1951ರ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕರು ಅವರೇ. ಮೈದಾನದ ಒಳಗೂ ಹೊರಗೂ ಸಜ್ಜನರೆಂದು ಹೆಸರಾಗಿ, 2012ರಲ್ಲಿ ತೀರಿಕೊಂಡರು. ಆ ತಪ್ಪಿದ ಪೆನಾಲ್ಟಿಯನ್ನು ಯಾರೂ ಅವರ ಶೀಲಕ್ಕೆ ಗಂಟು ಹಾಕಲಿಲ್ಲ, ಹಾಕಬಾರದು ಕೂಡ. ಮನುಷ್ಯನ ಕಾಲು ಒಮ್ಮೊಮ್ಮೆ ತಪ್ಪುತ್ತದೆ, ಅಷ್ಟೆ. ಈಗ ಅದೇ ಪೆನಾಲ್ಟಿಯನ್ನು ಕುಡುಕನೆಂದು ಹೆಸರಾದ ಒಬ್ಬ ಆಟಗಾರ ತಪ್ಪಿಸಿದನೆಂದು ಭಾವಿಸಿ. ಪೆವಿಲಿಯನ್ನಿನಿಂದ ಮೀನಿನ ಮಾರುಕಟ್ಟೆಯವರೆಗೆ ಒಂದೇ ತೀರ್ಪು: ರಾತ್ರಿ ಎಲ್ಲಿದ್ದನೋ! ಚೆಂಡು ಹೋದ ದಾರಿ ಒಂದೇ, ತಪ್ಪೂ ಒಂದೇ. ಆದರೆ ಒಬ್ಬನಿಗೆ ಅದು ದುರದೃಷ್ಟ, ಮತ್ತೊಬ್ಬನಿಗೆ ಸಾಕ್ಷ್ಯ. ಹೆಸರು ಮೊದಲೇ ತೀರ್ಪು ಬರೆದಿಟ್ಟಿರುತ್ತದೆ. ಆಟ ಕೇವಲ ರುಜು ಹಾಕುತ್ತದೆ.

ಈ ನಗರ ತಾನೇ ಅನುಭವಿಸಿದ ಒಂದು ಪ್ರಕರಣಕ್ಕೆ ಬರುತ್ತೇನೆ. 1980ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬಿನ ಹಲವು ಪ್ರಮುಖ ಆಟಗಾರರು ತಂಡವನ್ನು ಬಿಟ್ಟುಹೋದ ಸಂದರ್ಭ. ಆಗ ಇರಾನಿನಿಂದ ಓದಲೆಂದು ಅಲೀಗಢಕ್ಕೆ ಬಂದಿದ್ದ ಯುವಕರನ್ನು ಕ್ಲಬ್ಬು ಕರೆತಂದಿತು. ಅವರಲ್ಲಿ ಒಬ್ಬರು ಜಮ್‌ಶೀದ್ ನಸ್ಸಿರಿ, ಇನ್ನೊಬ್ಬರು ಮಜೀದ್ ಬಿಶ್ಕರ್. ಮಜೀದ್ 1978ರ ವಿಶ್ವಕಪ್ಪಿಗೆ ಹೋದ ಇರಾನ್ ತಂಡದ ಪಟ್ಟಿಯಲ್ಲಿದ್ದವರು. ಆ ವರ್ಷ ಕುಗ್ಗಿಹೋಗಬೇಕಾಗಿದ್ದ ತಂಡ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನ್ ಜೊತೆ ಹಂಚಿಕೊಂಡಿತು. ಜನ ಮಜೀದರನ್ನು ‘ಬಾದಶಾ’ ಎಂದು ಕರೆದರು.

ನಾನು ಆ ಆಟವನ್ನು ಕಂಡವನಲ್ಲ. ಆಗ ನಾನು ನಮ್ಮೂರಿನ ಪ್ರಾಥಮಿಕ ಶಾಲೆಯ ಹುಡುಗ. ಕಂಡವರ ಬಾಯಿಂದ ಕೇಳಿದ್ದೇನೆ. ಈಗ ನಿವೃತ್ತರಾಗಿರುವ ಬಂಗಾಳಿ ಸಹೋದ್ಯೋಗಿಯೊಬ್ಬರು, ನಾವೆಲ್ಲ ‘ದಾದಾ’ ಎನ್ನುತ್ತಿದ್ದವರು, ಮಜೀದರ ಮಾತು ಬಂದರೆ ಚಹದ ಮಣ್ಣಿನ ಕುಡಿಕೆಯನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಚೆಂಡು ಕಾಲಿಗೆ ಬಂದಾಗ ಆತ ಅವಸರ ಪಡುತ್ತಿರಲಿಲ್ಲ, ಎದುರಾಳಿಯೇ ಅವಸರಪಟ್ಟು ದಾರಿ ಬಿಡುತ್ತಿದ್ದ ಎಂದು, ಕಚೇರಿಯ ಮೇಜುಗಳ ನಡುವೆ ಆ ನಡಿಗೆಯನ್ನು ನಡೆದು ತೋರಿಸುತ್ತಿದ್ದರು. ಅರುವತ್ತರ ಹತ್ತಿರದ ಮನುಷ್ಯ!

ಆನಂತರದ ಕಥೆಯೂ ಈ ನಗರಕ್ಕೆ ಗೊತ್ತು. ಮಜೀದ್ ಮೊಹಮ್ಮಡನ್ ಸ್ಪೋರ್ಟಿಂಗ್ ಸೇರಿದರು. ಕುಡಿತ, ಮಾದಕ ವಸ್ತುಗಳ ಸುದ್ದಿಗಳು ಬಂದವು, ಆಟ ಇಳಿಯಿತು, ಕೊನೆಗೆ ಅವರು ಸ್ವದೇಶಕ್ಕೆ ಮರಳಿದರು. ಬಾದಶಾ ಎಂದವರ ಬಾಯಲ್ಲೇ ಅವರ ಹೆಸರು ಎಚ್ಚರಿಕೆಯ ಪಾಠವಾಯಿತು. ‘ಅಷ್ಟು ಪ್ರತಿಭೆ, ಆದರೆ ಏನು ಪ್ರಯೋಜನ?’ ಎಂಬ ಮಾತನ್ನು ಎಷ್ಟು ತಂದೆಯರು ಮಕ್ಕಳಿಗೆ ಹೇಳಿರಬಹುದು!

ಆ ‘ಆದರೆ’ ಎಂಬ ಪದದ ಹಿಂದೆ ನಾವು ಎಷ್ಟನ್ನು ನೋಡದೆ ಬಿಡುತ್ತೇವೆ ಎಂಬುದನ್ನು ಗಮನಿಸಿ. ಮಜೀದರ ಹುಟ್ಟೂರು ಖೊರ್ರಮ್‌ಶಹರ್. ಇರಾಕಿನ ಗಡಿಯ ಬಂದರು ಪಟ್ಟಣ. 1980ರ ಸೆಪ್ಟೆಂಬರ್ 22ರಂದು ಇರಾನ್-ಇರಾಕ್ ಯುದ್ಧ ಮೊದಲಾಯಿತು. ಅಕ್ಟೋಬರ್ ತಿಂಗಳ ಕೊನೆಗೆ, ಬೀದಿ ಬೀದಿಯ ಕಾಳಗದ ನಂತರ, ಆ ಪಟ್ಟಣ ಇರಾಕಿನ ವಶವಾಯಿತು. ಅದು ಮತ್ತೆ ಇರಾನಿಗೆ ದಕ್ಕಿದ್ದು 1982ರ ಮೇ ತಿಂಗಳಲ್ಲಿ, ಆ ಹೊತ್ತಿಗೆ ಊರು ಹಾಳು ಬಿದ್ದಿತ್ತು. ಎಂದರೆ, ಕಲ್ಕತ್ತೆಯ ಜನ ಈ ಯುವಕನನ್ನು ಬಾದಶಾ ಎಂದು ಹೆಗಲ ಮೇಲೆ ಹೊತ್ತ ವರ್ಷವೇ ಅವನು ಹುಟ್ಟಿ ಬೆಳೆದ ಊರು ಹಾಳಾಯಿತು. ಅವರ ಪತನಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ. ಹಾಗೆ ಹೇಳುವುದು ಇನ್ನೊಂದು ಬಗೆಯ ಊಹೆಯಾದೀತು. ಜೊತೆಗೆ ಬಂದ ಜಮ್‌ಶೀದ್ ಇದೇ ನಗರದಲ್ಲಿ ನೆಲೆನಿಂತು ಸಂಸಾರ ಹೂಡಿದರು. ಅವರ ಮಗ ಕಿಯಾನ್ ನಸ್ಸಿರಿ 2022ರ ಜನವರಿಯಲ್ಲಿ ಎ.ಟಿ.ಕೆ. ಮೋಹನ್ ಬಾಗಾನ್ ಪರವಾಗಿ, ತಂದೆಯ ಹಳೆಯ ತಂಡವಾದ ಈಸ್ಟ್ ಬೆಂಗಾಲಿನ ವಿರುದ್ಧವೇ ಮೂರು ಗೋಲು ಹೊಡೆದದ್ದು ನಿಮಗೆ ನೆನಪಿರಬಹುದು. ಆದ್ದರಿಂದ ಎಲ್ಲವನ್ನೂ ಕಾಲದ ಮೇಲೆ ಹೊರಿಸಿ ಮನುಷ್ಯನನ್ನು ಹೊಣೆಯಿಂದ ಬಿಡುಗಡೆ ಮಾಡುವುದು ಸಲ್ಲದು. ನಾನು ಕೇಳುವುದು ಬೇರೆ. ಆ ಯುವಕನಿಗೆ ಊರಿನಿಂದ ಕಾಗದ ಬರುತ್ತಿದೆಯೆ ಎಂದು ವಿಚಾರಿಸಿದವರು ಎಷ್ಟು ಮಂದಿ? ರಾತ್ರಿ ಎಲ್ಲಿಗೆ ಹೋಗುತ್ತಾನೆ ಎಂದು ವಿಚಾರಿಸಿದವರು ಎಷ್ಟು ಮಂದಿ? ಎರಡನೆಯ ಸಂಖ್ಯೆ ಬಹಳ ದೊಡ್ಡದಿರಬೇಕೆಂದು ನನ್ನ ಗುಮಾನಿ.

ಇನ್ನೊಂದು ಮಾತು. ಅದೇ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಈಸ್ಟ್ ಬೆಂಗಾಲ್ ಹಾಗೂ ಮೋಹನ್ ಬಾಗಾನ್ ಪಂದ್ಯದ ವೇಳೆ ಪ್ರೇಕ್ಷಕರ ಗಲಭೆ, ನೂಕುನುಗ್ಗಲುಗಳಲ್ಲಿ 16 ಮಂದಿ ಸತ್ತರು. ಆಟಗಾರನ ನಡತೆಯ ಲೆಕ್ಕವನ್ನು ನಾವು ದಶಕಗಟ್ಟಲೆ ಇಡುತ್ತೇವೆ. ನೋಡುವವರ ನಡತೆಗೆ ಮಾತ್ರ ಯಾವ ಪುಸ್ತಕದಲ್ಲೂ ಅಂಕಣವಿಲ್ಲ.

2019ರ ಆಗಸ್ಟಿನಲ್ಲಿ, ಈಸ್ಟ್ ಬೆಂಗಾಲ್ ಕ್ಲಬ್ಬಿನ ಶತಮಾನೋತ್ಸವಕ್ಕೆ, ಸುಮಾರು ಮೂರು ದಶಕಗಳ ನಂತರ ಮಜೀದ್ ಇಲ್ಲಿಗೆ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ವಿಮಾನ ನಿಲ್ದಾಣದ ಮುಂದೆ ಜನ ನೆರೆದಿದ್ದರು. ಅವರಲ್ಲಿ ಎಷ್ಟೋ ಮಂದಿ ಅವರ ಆಟವನ್ನು ನೋಡಿರದ ಹುಡುಗರು. ಅವರು ತೊಡುತ್ತಿದ್ದ 12ನೆಯ ಅಂಕಿಯ ಅಂಗಿಯ ಕಥೆಯನ್ನು ತಂದೆಯಿಂದ, ಅಜ್ಜನಿಂದ ಕೇಳಿದ್ದವರು. ನಮ್ಮ ದಾದಾ ಹೋಗಲಾಗಲಿಲ್ಲ, ಮಂಡಿನೋವು. ದೂರದರ್ಶನದಲ್ಲಿ ನೋಡಿ ಮರುದಿನ ನನಗೆ ಫೋನು ಮಾಡಿದರು. ತಲೆ ನರೆತಿದೆ, ಆದರೆ ನಡಿಗೆ ಅದೇ ಎಂದರು. ಮತ್ತೇನೂ ಹೇಳಲಿಲ್ಲ. ಜನ ಅಂದು ಮಜೀದರ ಹಳೆಯ ದೋಷಗಳನ್ನು ಮರೆತಿದ್ದರೆಂದು ನನಗೆ ತೋರುವುದಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಆಟದ ಋಣವನ್ನು ಆಟದ ಲೆಕ್ಕದಲ್ಲೇ ತೀರಿಸಲು ಬಂದಿದ್ದರು.

ಹಾಗಾದರೆ ಪ್ರತಿಭೆಯೊಂದಿದ್ದರೆ ಎಲ್ಲವೂ ಕ್ಷಮ್ಯವೆ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಇದಕ್ಕೆ ಮರಡೋನಾ ಅವರ ಉದಾಹರಣೆ ಸಾಕು. 1986ರ ಜೂನ್ 22ರ ರಾತ್ರಿ, ನಮ್ಮೂರಿನಲ್ಲಿ ಟೆಲಿವಿಷನ್ ಇದ್ದ ಒಂದೇ ಮನೆಯ ಜಗುಲಿಯ ಮೇಲೆ ಕುಳಿತು ನಾವು ಹುಡುಗರು ಇಂಗ್ಲೆಂಡಿನ ವಿರುದ್ಧ ಅವರ ಎರಡು ಗೋಲುಗಳನ್ನು ಕಂಡೆವು. ಒಂದು ಕೈಯಿಂದ ತಳ್ಳಿದ್ದು. ಇನ್ನೊಂದು ಸ್ವಂತ ಅಂಗಳದಿಂದ ಎದುರಾಳಿಗಳನ್ನು ಒಬ್ಬೊಬ್ಬರಾಗಿ ದಾಟಿ ಹೊಡೆದದ್ದು. 1991ರಲ್ಲಿ ಕೊಕೇನ್ ಸೇವನೆಗಾಗಿ 15 ತಿಂಗಳು ನಿಷೇಧ. 1994ರ ವಿಶ್ವಕಪ್ಪಿನಿಂದ ನಿಷಿದ್ಧ ಮದ್ದಿಗಾಗಿ ವಾಪಸು. ಇಷ್ಟಾದರೂ 2008ರ ಡಿಸೆಂಬರಿನಲ್ಲಿ ಅವರು ಈ ನಗರಕ್ಕೆ ಬಂದಾಗ ಸಾಲ್ಟ್ ಲೇಕ್ ಕ್ರೀಡಾಂಗಣ ಕಿಕ್ಕಿರಿಯಿತು.

ಇಲ್ಲಿ ಮೂರು ಬಗೆಯ ತಪ್ಪುಗಳಿವೆ. ಮೂರನ್ನೂ ಒಂದೇ ಚೀಲಕ್ಕೆ ತುಂಬುವುದು ನಮ್ಮ ರೂಢಿ. ಕೈಯಿಂದ ಹೊಡೆದ ಗೋಲು ಆಟದೊಳಗಿನ ತಪ್ಪು. ಆಟವನ್ನು ಅಳೆಯುವಾಗ ಲೆಕ್ಕಕ್ಕೆ ಬರಬೇಕಾದದ್ದು ಅದೇ. ವಿಚಿತ್ರವೆಂದರೆ ಜಗತ್ತು ನಕ್ಕು ಬಿಟ್ಟದ್ದೂ ಅದನ್ನೇ. ಕೊಕೇನ್ ಮೊದಲಿಗೆ ಅವರು ತಮಗೇ ಮಾಡಿಕೊಂಡ ಹಾನಿ. ಅದಕ್ಕೆ ನಿಷೇಧದ ನಿಯಮವಿತ್ತು, ಶಿಕ್ಷೆಯಾಯಿತು. ಅದರಾಚೆಗೆ ಅದು ಮರುಕದ, ಚಿಕಿತ್ಸೆಯ ವಿಷಯ. ಜಗತ್ತು ಹೆಚ್ಚು ಗದರಿದ್ದು ಅದಕ್ಕೆ. ಮೂರನೆಯದು ಇನ್ನೊಬ್ಬರಿಗೆ ಮಾಡಿದ ಅನ್ಯಾಯ. ಆ ಗೋಲು ಹೊಡೆದ 1986ರಲ್ಲೇ ನೇಪಲ್ಸಿನಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ. ಇಟಲಿಯ ನ್ಯಾಯಾಲಯ ಪಿತೃತ್ವವನ್ನು ಎತ್ತಿಹಿಡಿದ ಮೇಲೂ ಅವರು ಅವನನ್ನು ಮಗನೆಂದು ಬಹಿರಂಗವಾಗಿ ಒಪ್ಪಿಕೊಂಡದ್ದು 2016ರಲ್ಲಿ. ಇದನ್ನು ಕುರಿತು ಯಾವ ಕ್ರೀಡಾಂಗಣವೂ ಅವರನ್ನು ಪ್ರಶ್ನಿಸಿದ್ದಿಲ್ಲ. ಶತಮಾನದ ಗೋಲೆಂದು ಕೊಂಡಾಡಿದ ಆ ಗೋಲು ಆ ಹುಡುಗನ ಮೂವತ್ತು ವರ್ಷಗಳ ಲೆಕ್ಕದಲ್ಲಿ ಒಂದು ಕಾಸಿಗೂ ಜಮೆಯಾಗದು. ಹಾಗೆಯೇ ಆ ಮೂವತ್ತು ವರ್ಷಗಳು ಆ ಗೋಲಿನಿಂದ ಒಂದು ಹೆಜ್ಜೆಯನ್ನೂ ಕಳೆಯಲಾರವು. ಎರಡೂ ನಿಜ. ಒಂದರಿಂದ ಇನ್ನೊಂದನ್ನು ಕಳೆದು ಶೇಷವನ್ನು ‘ಮನುಷ್ಯ’ ಎಂದು ಕರೆಯುವ ಗಣಿತವೇ ತಪ್ಪು.

ನಮ್ಮಲ್ಲೂ ಈ ವಿವೇಕ ಇಲ್ಲದೆ ಇರಲಿಲ್ಲ. ಬಯಲಾಟದ ವೇಷಧಾರಿಯ, ಕಂಪೆನಿ ನಾಟಕದ ನಟನ ಚಟಗಳು ಊರಿಗೆಲ್ಲ ತಿಳಿದಿರುತ್ತಿದ್ದವು. ಆದರೂ ರಂಗಕ್ಕೆ ಕರ್ಣ ಬಂದಾಗ ಜನ ಕರ್ಣನನ್ನೇ ಕಂಡು ಅತ್ತರು. ಬೆಳಗಾದ ಮೇಲೆ ಅದೇ ನಟ ಅಂಗಡಿಯ ಸಾಲ ತೀರಿಸದಿದ್ದರೆ ಅಂಗಡಿಯವನು ಬಿಡುತ್ತಲೂ ಇರಲಿಲ್ಲ. ರಾತ್ರಿಯ ಕಣ್ಣೀರಿಗೂ ಹಗಲಿನ ಸಾಲಕ್ಕೂ ಅವನು ಗಂಟು ಹಾಕಲಿಲ್ಲ.

ಇನ್ನು ‘ಹೆಸರು’ ಎಂಬುದರ ಬಗ್ಗೆ. ನಡತೆ ಮನುಷ್ಯನದು; ಹೆಸರು ಇತರರ ಬಾಯಿಯದು. ಹೆಸರು ಎಲ್ಲರಿಗೂ ಒಂದೇ ದರದಲ್ಲಿ ಸಿಗುವುದೂ ಇಲ್ಲ. ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಗಾಜಿನ ಲೋಟ ಹಿಡಿದ ಅಧಿಕಾರಿ ಮಿಲನಸಾರ. ಸಂಬಳದ ದಿನ ಗಡಂಗಿನಿಂದ ಬಂದ ಜವಾನ ಕುಡುಕ. ಆಟಗಾರ ಹೆಚ್ಚಾಗಿ ಬಡವರ ಮನೆಯಿಂದ ಬಂದವನು. ಆತನಿಗೆ ಹೆಸರು ಕೊಡುವವರು ನಾವು, ಗ್ಯಾಲರಿಯ ನೆರಳಿನಲ್ಲಿ ಕುಳಿತವರು.

ಈಗ ನನ್ನ ನಿವೇದನೆ. ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಊರನ್ನೂ ಕಚೇರಿಯನ್ನೂ ಹೆಸರಿಸುವುದಿಲ್ಲ. ಕ್ರೀಡಾ ಮೀಸಲಿನಲ್ಲಿ ನೇಮಕವಾಗಿದ್ದ ಒಬ್ಬ ನೌಕರ ನನ್ನ ಕೈಕೆಳಗೆ ಇದ್ದ. ಕಚೇರಿಯ ತಂಡದಲ್ಲಿ ಎಡಪಕ್ಕದ ಆಟಗಾರ. ಬಹಳ ಚೆನ್ನಾಗಿ ಆಡುತ್ತಿದ್ದ. ಕಡತದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಆದರೆ ಅವನು ಕುಡಿಯುತ್ತಾನೆ, ಸಹವಾಸ ಸರಿಯಿಲ್ಲ ಎಂಬ ಮಾತಿತ್ತು. ಅವನ ವಾರ್ಷಿಕ ಗೋಪ್ಯ ವರದಿಯನ್ನು ಬರೆಯಬೇಕಾದವನು ನಾನು.

ಸರ್ಕಾರಿ ನೌಕರಿಯಲ್ಲಿ ಇರುವವರಿಗೆ ಗೊತ್ತು. ಆ ವರದಿಯಲ್ಲಿ ಕೆಲಸದ ಗುಣಮಟ್ಟಕ್ಕೆ ಬೇರೆ ಅಂಕಣ, ಪ್ರಾಮಾಣಿಕತೆಗೆ ಬೇರೆ ಅಂಕಣ. ಪ್ರಾಮಾಣಿಕತೆಯ ಬಗ್ಗೆ ಸಂದೇಹ ಬಂದರೆ ಗಾಳಿಮಾತನ್ನು ಅಲ್ಲಿ ಬರೆಯಕೂಡದು. ಅಂಕಣವನ್ನು ಖಾಲಿ ಬಿಟ್ಟು, ಪ್ರತ್ಯೇಕ ಗೋಪ್ಯ ಟಿಪ್ಪಣಿ ಬರೆದು, ವಿಚಾರಣೆ ನಡೆಸಿ, ಆನಂತರ ತುಂಬಬೇಕು. ಇದು ಬಹುಕಾಲದಿಂದ ಬಂದ ನಿಯಮ. ಇದನ್ನು ರೂಪಿಸಿದವರು ನಮಗಿಂತ ಬುದ್ಧಿವಂತರು. ಹೆಸರಿಗೂ ನಡತೆಗೂ ಇರುವ ದೂರವನ್ನು ಆ ಖಾಲಿ ಅಂಕಣದಲ್ಲಿ ಕಾಪಾಡಿದ್ದರು.

ನಾನು ಮಾಡಿದ್ದೇನು? ವಿಚಾರಣೆಯ ಗೋಜಿಗೆ ಹೋಗಲಿಲ್ಲ. ಪ್ರತಿಕೂಲ ಷರಾ ಬರೆದರೆ ಅದನ್ನು ನೌಕರನಿಗೆ ತಿಳಿಸಬೇಕು, ಅವನು ಮನವಿ ಸಲ್ಲಿಸುತ್ತಾನೆ. ಆದ್ದರಿಂದ ಷರಾ ಬರೆಯದೆ, ಒಟ್ಟು ದರ್ಜೆಯನ್ನು ‘ಬಹಳ ಉತ್ತಮ’ ಎಂಬುದರಿಂದ ‘ಉತ್ತಮ’ಕ್ಕೆ ಇಳಿಸಿದೆ. ಕಾಗದದ ಮೇಲೆ ಅದು ಹೊಗಳಿಕೆ. ಆದರೆ ಮೇಲಿನ ಹುದ್ದೆಯ ಆಯ್ಕೆಗೆ ‘ಬಹಳ ಉತ್ತಮ’ ಬೇಕಾಗಿತ್ತು. ಆಯ್ಕೆ ಸಮಿತಿ ಅವನನ್ನು ಕೈಬಿಟ್ಟಿತು. ಕಾರಣ ಅವನಿಗೆ ತಿಳಿಯಲಿಲ್ಲ. 2008ರಲ್ಲಿ ದೇವದತ್ತ ಎಂಬ ನೌಕರನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇಂಥ ‘ಉತ್ತಮ’ವೂ ಬಡ್ತಿಗೆ ಅಡ್ಡಿಯಾದರೆ ಪ್ರತಿಕೂಲವೇ, ಪ್ರತಿಯೊಂದು ದರ್ಜೆಯನ್ನೂ ನೌಕರನಿಗೆ ತಿಳಿಸಬೇಕು ಎಂದು ತೀರ್ಪಿತ್ತಿತು, 2009ರಿಂದ ಪೂರ್ಣ ವರದಿಯನ್ನು ನೌಕರನಿಗೆ ತೋರಿಸಲಾಗುತ್ತಿದೆ. ಆ ತೀರ್ಪನ್ನು ಓದಿದ ದಿನ ಅದು ನನ್ನನ್ನು ಕುರಿತೇ ಬರೆದದ್ದೆಂದು ಅನ್ನಿಸಿತು.

ನನಗೆ ವರ್ಗವಾದಾಗ, ಬೀಳ್ಕೊಡುಗೆಯ ದಿನ, ಆ ನೌಕರ ಒಂದು ಗಂಧದ ಹಾರ ತಂದಿದ್ದ. ‘ತಾವು ನನ್ನ ಬಗ್ಗೆ ಚೆನ್ನಾಗಿ ಬರೆದಿರಿ ಸಾರ್, ನನ್ನ ಅದೃಷ್ಟ ಸರಿಯಿರಲಿಲ್ಲ’ ಎಂದು ಕಾಲು ಮುಟ್ಟಿ ನಮಸ್ಕರಿಸಿದ. ನಾನು ಆಶೀರ್ವಾದ ಮಾಡಿದೆ.

ಅವನು ನಿಜವಾಗಿ ಕುಡಿಯುತ್ತಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕುಡಿದು ಕಚೇರಿಗೆ ಬಂದದ್ದನ್ನಾಗಲಿ, ಕುಡಿದು ಮೈದಾನಕ್ಕೆ ಇಳಿದದ್ದನ್ನಾಗಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಕಂಡಿದ್ದು ಅವನ ಆಟವನ್ನು, ಅವನ ಕಡತಗಳನ್ನು. ಕಂಡದ್ದನ್ನು ಕೇಳಿದ್ದಕ್ಕೆ ಅಡವಿಟ್ಟೆ.

ಮಿತ್ರರೆ, ನನ್ನ ಮಾತಿನ ಸಾರ ಇಷ್ಟೆ. ಆಟವನ್ನು ಆಟದ ಅಂಕಣದಲ್ಲಿ ಪೂರ್ತಿಯಾಗಿ ಬರೆಯೋಣ, ಜಿಪುಣತನವಿಲ್ಲದೆ. ಇನ್ನೊಬ್ಬರಿಗೆ ಕೇಡು ಮಾಡಿದ್ದು ರುಜುವಾತಾಗಿದ್ದರೆ ನಡತೆಯ ಅಂಕಣದಲ್ಲಿ ಅದನ್ನೂ ಪೂರ್ತಿಯಾಗಿ ಬರೆಯೋಣ, ಆಟದ ಮುಲಾಜಿಲ್ಲದೆ. ತನಗೆ ತಾನೇ ಕೇಡು ಮಾಡಿಕೊಳ್ಳುತ್ತಿರುವವನ ಬಳಿ, ಬರೆಯುವುದಕ್ಕೆ ಮೊದಲು, ಒಮ್ಮೆ ಹೋಗಿ ವಿಚಾರಿಸೋಣ. ಬರಿಯ ಮಾತು ಮಾತ್ರ ಇರುವ ಕಡೆ ಅಂಕಣವನ್ನು ಖಾಲಿ ಬಿಡುವಷ್ಟು ಸಂಯಮ ನಮಗಿರಲಿ.

ಮುಂದಿನ ತಿಂಗಳು ನಮ್ಮ ಸಂಘದ ಹುಡುಗರ ಫುಟ್‌ಬಾಲ್ ತಂಡದ ಆಯ್ಕೆ ಇದೆಯೆಂದು ಕಾರ್ಯದರ್ಶಿಗಳು ಹೇಳಿದರು. ಆಯ್ಕೆ ಸಮಿತಿಯಲ್ಲಿ ನನ್ನ ಹೆಸರೂ ಇದೆಯಂತೆ. ಒಬ್ಬ ಹುಡುಗನ ಬಗ್ಗೆ ಈಗಾಗಲೇ ಇಬ್ಬರು ಬಂದು ನನ್ನ ಕಿವಿಯಲ್ಲಿ ಏನೋ ಹೇಳಿಹೋಗಿದ್ದಾರೆ. ಅವನ ಆಟವನ್ನು ನಾನಿನ್ನೂ ನೋಡಿಲ್ಲ. ಮೊದಲು ನೋಡುತ್ತೇನೆ.